ಪೋರ್ಟಿಂಗ್ ಆಮೇಲೆ, ಮೊದಲು ಲೆಕ್ಕ ಚುಕ್ತಾ ಮಾಡಿ ಮಾರಾಯ್ರೆ

ನಮ್ಮ ಐಟಿ ಮಂದಿಗೆ ಎಲ್ಲ ರೋಗಕ್ಕೂ ಒಂದೇ ಮದ್ದು, ಕಾಂಪಿಟಿಷನ್ನು. ಕರೆಂಟಿನ ವಿಷಯ ಬಂದರಂತೂ ಕೇಳುವುದೇ ಬೇಡ. "ಮೊಬೈಲಿನ ಹಾಗೆ ಕರೆಂಟಿಗೂ ಪೋರ್ಟಿಂಗ್ ಬರಬೇಕು, ಮನೆಮನೆಗೂ ಪ್ರೀಪೇಯ್ಡ್ ಮೀಟರ್ ಹಾಕಬೇಕು, ಆಗ ಬಿಲ್ಲಿನ ಜಗಳವೇ ಇರುವುದಿಲ್ಲ" ಎಂದು ಆಫೀಸಿನ ಕ್ಯಾಂಟೀನಿನಲ್ಲಿ ಕಾಫಿ ಕಪ್ಪು ಹಿಡಿದುಕೊಂಡು ಹೇಳುವವರನ್ನು ನಾನು ಆರು ವರ್ಷದಿಂದ ಕೇಳಿಸಿಕೊಳ್ಳುತ್ತಾ ಇದ್ದೇನೆ. ಈಚೆಗೆ ಕನ್ನಡದಲ್ಲಿ ಬರೆಯುವ ಗೆಳೆಯರೂ ಇದನ್ನೇ ಬರೆಯತೊಡಗಿದ್ದಾರೆ. ಅವರಲ್ಲಿ ಇಬ್ಬರು ನನಗೆ ಚೆನ್ನಾಗಿ ಗೊತ್ತಿರುವವರು, ಬೈದರೆ ಬೇಸರ ಮಾಡಿಕೊಳ್ಳುವವರಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ :-)

ನನ್ನ ತಕರಾರು ಕಾಂಪಿಟಿಷನ್ನಿನ ಮೇಲೆ ಅಲ್ಲ. ಬಿಟ್ಟು ಹೋಗುವ ದಿನದ ಲೆಕ್ಕದ ಮೇಲೆ. "ಪ್ರೀಪೇಯ್ಡ್ ಅಂದರೆ ಬಿಲ್ಲೇ ಇಲ್ಲ" ಎನ್ನುವುದು ಶುದ್ಧ ಸುಳ್ಳು. ತಿಂಗಳ ಬಿಲ್ಲು ಇರುವುದಿಲ್ಲ, ಸರಿ. ಕೊನೆಯ ಬಿಲ್ಲು ಇದ್ದೇ ಇರುತ್ತದೆ. ಪೋಸ್ಟ್‌ಪೇಯ್ಡಿನಲ್ಲಿ ನಾನು ಬಿಟ್ಟು ಹೋಗುವ ದಿನ ಕಂಪನಿಗೆ ಬರಬೇಕಾದ ದುಡ್ಡು ನನ್ನ ಕಿಸೆಯಲ್ಲಿರುತ್ತದೆ, ಹಾಗಾಗಿ ಲೆಕ್ಕ ಮುಗಿಸುವ ಅವಸರ ಕಂಪನಿಗೆ. ಪ್ರೀಪೇಯ್ಡಿನಲ್ಲಿ ನನ್ನ ದುಡ್ಡು ಕಂಪನಿಯ ಕಿಸೆಯಲ್ಲಿ. ಈಗ ಅವಸರ ಯಾರಿಗೆ ಹೇಳಿ? ಗಿರಾಕಿ ಹೋದ ಮೇಲೆ ಅವನ ಫೋನು ಎತ್ತುವವರು ಯಾರು? ಈ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿ ಗಟ್ಟಿಯಾಗಿ ಕೂರುವವರೆಗೆ ಪೋರ್ಟಿಂಗು, ಪ್ರೀಪೇಯ್ಡು ಎರಡನ್ನೂ ಒಟ್ಟಿಗೆ ತಂದರೆ ಅದು ನಮ್ಮ ಕೈಗೆ ಕೊಟ್ಟ ಹಕ್ಕು ಅಲ್ಲ, ನಮ್ಮ ಕಿಸೆಗೆ ಹಾಕಿದ ಕೈ.

ಮೊದಲು ನಮ್ಮೂರಿನ ಕಥೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆ ಮನೆಗೆ ಕರೆಂಟು ಬೇಕಾದರೆ ಇರುವುದು ಒಂದೇ ಬಾಗಿಲು, ಮೆಸ್ಕಾಂ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ನಾಲ್ಕು ಜಿಲ್ಲೆಗೂ ಅದೇ. ಹಾಗಂತ ನಾವು ಕಂಪನಿ ಬದಲಿಸಿಯೇ ಇಲ್ಲ ಅಂತಲ್ಲ. ನಾವು ಬದಲಿಸಲಿಲ್ಲ, ನಮ್ಮನ್ನು ಬದಲಿಸಿದರು! ಕೆಇಬಿ ಇದ್ದದ್ದು 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಅದರಿಂದ ಮೆಸ್ಕಾಂ ಹುಟ್ಟಿತು, 2005ರಲ್ಲಿ ಮೆಸ್ಕಾಂನಿಂದ ಮೈಸೂರು, ಕೊಡಗು, ಹಾಸನದ ಕಡೆಯವರೆಲ್ಲ ಚಾಮುಂಡೇಶ್ವರಿಗೆ ಹೋದರು. ಒಬ್ಬನೇ ಒಬ್ಬ ಗ್ರಾಹಕನನ್ನು ಯಾರೂ ಕೇಳಲಿಲ್ಲ. ನನ್ನ ಅಜ್ಜಿ ಈಗಲೂ ಲೈನ್‌ಮ್ಯಾನಿಗೆ "ಕೆಇಬಿಯವ" ಎಂದೇ ಹೇಳುವುದು, ಆಕೆಯ ಮಟ್ಟಿಗೆ ಏನೂ ಬದಲಾಗಿಲ್ಲ. ಕಂಬ ಅದೇ, ಆರ್‌ಆರ್ ನಂಬರು ಅದೇ. ಅಜ್ಜ ಕಟ್ಟಿದ ಠೇವಣಿಯೂ ಒಂದು ಸರ್ಕಾರಿ ಪುಸ್ತಕದಿಂದ ಇನ್ನೊಂದು ಸರ್ಕಾರಿ ಪುಸ್ತಕಕ್ಕೆ ಹೋಯಿತು. ಎರಡೂ ಕಡೆ ಸರ್ಕಾರವೇ ಇದ್ದದ್ದರಿಂದ ಅದು ಸಲೀಸಾಯಿತು. ನಾಳೆ ಒಂದು ಕಡೆ ಖಾಸಗಿಯವನಿದ್ದರೆ?

ನಾಳೆ ಎನ್ನುವುದು ನನ್ನ ಕಲ್ಪನೆ ಅಲ್ಲ. 2022ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡಿಸಿದ ವಿದ್ಯುತ್ ತಿದ್ದುಪಡಿ ಮಸೂದೆಯಲ್ಲಿ ಇದ್ದದ್ದು ಇದೇ: ಒಂದೇ ಊರಿನಲ್ಲಿ ಒಂದೇ ತಂತಿಯ ಮೇಲೆ ಹಲವು ಕಂಪನಿ. ಅದು ಸ್ಥಾಯಿ ಸಮಿತಿಗೆ ಹೋಯಿತು, ಪಾಸಾಗಲಿಲ್ಲ. 2025ರ ಅಕ್ಟೋಬರಿನಲ್ಲಿ ಕೇಂದ್ರ ಇಂಧನ ಇಲಾಖೆ ಮತ್ತೊಂದು ಕರಡು ಹೊರಗೆ ಬಿಟ್ಟಿತು, ಅದರಲ್ಲೂ ತಂತಿ ಹಂಚಿಕೊಳ್ಳುವ ಮಾತಿದೆ. ಇನ್ನೊಂದು ಕಡೆ 2020ರ ಡಿಸೆಂಬರ್ 31ರ ಗ್ರಾಹಕ ಹಕ್ಕುಗಳ ನಿಯಮ ಹೊಸ ಸಂಪರ್ಕಕ್ಕೆಲ್ಲ ಸ್ಮಾರ್ಟ್ ಪ್ರೀಪೇಯ್ಡ್ ಮೀಟರ್ ಎಂದು ಹೇಳಿಯಾಗಿದೆ. 2025ರಲ್ಲಿ ಬೆಸ್ಕಾಂ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಬೆಂಗಳೂರಿನಲ್ಲಿ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ? ಗಲಾಟೆ ಎಲ್ಲ ಮೀಟರಿನ ಬೆಲೆಯ ಮೇಲೆ. ಸಿಂಗಲ್ ಫೇಸಿಗೆ ಹೆಚ್ಚುಕಡಿಮೆ ಐದು ಸಾವಿರ ಯಾಕೆ ಎಂದು. ಸರಿಯಾದ ಪ್ರಶ್ನೆಯೇ. ಆದರೆ ಮೀಟರಿನ ಬೆಲೆ ಒಂದು ಸಲ ಕೊಟ್ಟರೆ ಮುಗಿಯಿತು. ಆ ಮೀಟರು ಕೊನೆಯ ದಿನ ಏನು ಲೆಕ್ಕ ಹೇಳುತ್ತದೆ, ಅದನ್ನು ಒಪ್ಪದಿದ್ದರೆ ಏನು ಮಾಡಬೇಕು ಎಂದು ಕೇಳಿದವರು ಕಡಿಮೆ.

"ಮೊಬೈಲಿನ ಹಾಗೆ" ಎನ್ನುವವರು ಮೊಬೈಲಿನಲ್ಲಿ ಏನಾಗುತ್ತದೆ ಎಂದು ಸ್ವಲ್ಪ ನೋಡಬೇಕು. ನಂಬರ್ ಪೋರ್ಟಿಂಗ್ ಹರಿಯಾಣದಲ್ಲಿ 2010ರ ನವೆಂಬರಿನಲ್ಲಿ ಶುರುವಾಗಿ 2011ರ ಜನವರಿ 20ಕ್ಕೆ ಇಡೀ ದೇಶಕ್ಕೆ ಬಂತು. ಒಳ್ಳೆಯದೇ ಆಯಿತು, ನಾನೇ ಮಾಡಿದ್ದೇನೆ. ಆದರೆ ಪ್ರೀಪೇಯ್ಡ್ ಗಿರಾಕಿ ಪೋರ್ಟ್ ಮಾಡಿದರೆ ಖಾತೆಯಲ್ಲಿ ಉಳಿದ ಬ್ಯಾಲೆನ್ಸು ಹೋಯಿತು ಅಂತಲೇ ಲೆಕ್ಕ. ಹೊಸ ಕಂಪನಿಗೆ ಬರುವುದಿಲ್ಲ, ಹಳೆಯದು ವಾಪಸು ಕೊಡುವುದಿಲ್ಲ. ಪೋಸ್ಟ್‌ಪೇಯ್ಡಿನವನು ಹಳೆಯ ಬಾಕಿ ಉಳಿಸಿಕೊಂಡಿದ್ದರೆ ಮಾತ್ರ ಪೋರ್ಟಿಂಗೇ ನಿಲ್ಲುತ್ತದೆ. ಅಂದರೆ ನಾನು ಕೊಡಬೇಕಾದ್ದಕ್ಕೆ ಬೇಲಿ ಉಂಟು, ನನಗೆ ಕೊಡಬೇಕಾದ್ದಕ್ಕೆ ಇಲ್ಲ. ಮೊಬೈಲಿನಲ್ಲಿ ಇದು ಮೂವತ್ತೋ ನಲ್ವತ್ತೋ ರೂಪಾಯಿ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕರೆಂಟಿನಲ್ಲಿ ಅದು ಸಾವಿರದ ಲೆಕ್ಕ.

ಇದಕ್ಕಿಂತ ಹತ್ತಿರದ ಹೋಲಿಕೆ ನಮ್ಮ ಅಡುಗೆಮನೆಯಲ್ಲೇ ಇದೆ. ಗ್ಯಾಸು. ಸಿಲಿಂಡರಿಗೆ ಉರಿಸುವ ಮೊದಲೇ ದುಡ್ಡು ಕೊಡುತ್ತೇವೆ, ಹಾಗಾಗಿ ಅದು ಪ್ರೀಪೇಯ್ಡ್ ಇಂಧನವೇ. ಅದರಲ್ಲಿ ಕಂಪನಿ ಬದಲಿಸುವ ಸೌಲಭ್ಯ ಬಂದದ್ದು ನಮ್ಮ ಮೂಡುಬಿದಿರೆಯವರೇ ಆದ ವೀರಪ್ಪ ಮೊಯಿಲಿಯವರು ಪೆಟ್ರೋಲಿಯಂ ಮಂತ್ರಿಯಾಗಿದ್ದಾಗ. 2013ರ ಅಕ್ಟೋಬರಿನಲ್ಲಿ ಕೆಲವು ನಗರಗಳಲ್ಲಿ ಶುರು ಮಾಡಿ 2014ರ ಜನವರಿಯಲ್ಲಿ ದೇಶದ ಹೆಚ್ಚಿನ ಜಿಲ್ಲೆಗಳಿಗೆ ವಿಸ್ತರಿಸಿದರು. ಆ ಯೋಜನೆಯಲ್ಲಿ ಒಂದು ಒಳ್ಳೆಯ ಅಂಶ ಇತ್ತು, ಅದನ್ನು ಹೇಳಲೇಬೇಕು. ಹಳೆಯ ಡೀಲರನಿಗೆ ಸಿಲಿಂಡರು, ರೆಗ್ಯುಲೇಟರು ಒಪ್ಪಿಸಿ ಎಷ್ಟು ಠೇವಣಿ ವಾಪಸು ಬಂತೋ ಅಷ್ಟನ್ನೇ ಹೊಸಬನಿಗೆ ಕಟ್ಟಿದರೆ ಸಾಕು, ಹೆಚ್ಚಿನ ಠೇವಣಿ ಕೇಳುವಂತಿಲ್ಲ. ಯಾರೋ ಕೂತು ಯೋಚಿಸಿದ್ದಾರೆ ಎಂದು ಅನ್ನಿಸುವುದು ಇಂಥದ್ದನ್ನು ನೋಡಿದಾಗ. ಇದಿಲ್ಲದಿದ್ದರೆ ಏನಾಗುತ್ತಿತ್ತು? 14.2 ಕೆಜಿ ಸಿಲಿಂಡರಿನ ಠೇವಣಿ 2022ರ ಜೂನಿನಲ್ಲಿ 1450ರಿಂದ 2200ಕ್ಕೆ ಏರಿತು. ಎಷ್ಟೋ ವರ್ಷದ ಹಿಂದೆ ಕೆಲವು ನೂರು ಕೊಟ್ಟು ಸಂಪರ್ಕ ತೆಗೆದುಕೊಂಡ ಅಮ್ಮ ಅದನ್ನು ಪೂರ್ತಿ ಬಿಟ್ಟುಕೊಟ್ಟರೆ ಸಿಗುವುದು ಆ ಕೆಲವು ನೂರೇ, ಬಡ್ಡಿ ಗಿಡ್ಡಿ ಏನೂ ಇಲ್ಲ. ಸಿಲಿಂಡರಿನ ತಳದಲ್ಲಿ ಉಳಿದ ಗ್ಯಾಸು ಸಿಲಿಂಡರಿನ ಜೊತೆಗೇ ಹೋಗುತ್ತದೆ. ಠೇವಣಿ ಕಟ್ಟಿದ ಆ ಹಳೆಯ ಚೀಟಿ ಕಳೆದಿದ್ದರೆ ಅಫಿಡವಿಟ್ಟು ಬೇರೆ.

ಒಂದು ಗೆರೆಯ ನಿಯಮ ಇದ್ದರೆ ಎಷ್ಟು ವ್ಯತ್ಯಾಸ, ಇಲ್ಲದಿದ್ದರೆ ಎಷ್ಟು ನಷ್ಟ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಡ. ಆದರೂ ಒಂದು ಹೇಳುತ್ತೇನೆ, ಯಾಕೆಂದರೆ ಇದು ನನ್ನದೇ ದುಡ್ಡು.

ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಫ್ಲ್ಯಾಟಿನಲ್ಲಿ ಪ್ರೀಪೇಯ್ಡ್ ಮೀಟರ್ ಇತ್ತು. ಕಟ್ಟಡಕ್ಕೆಲ್ಲ ಒಂದೇ ಸಂಪರ್ಕ, ಒಳಗೆ ಮನೆಮನೆಗೆ ಹಂಚುವುದು ಒಂದು ಖಾಸಗಿ ಕಂಪನಿಯ ಮೀಟರು. ಲೈನಿನ ಕರೆಂಟಿಗೆ ಒಂದು ರೇಟು, ಜನರೇಟರಿಗೆ ಇನ್ನೊಂದು. ಆ್ಯಪಿನಲ್ಲಿ ದುಡ್ಡು ಹಾಕಬೇಕು, ದಿನಾ ಕಳೆಯುತ್ತಾ ಹೋಗುತ್ತದೆ. ಒಂದು ಮಾರ್ಚಿನಲ್ಲಿ ಅಸೋಸಿಯೇಷನ್ನಿನವರು ಆ ಕಂಪನಿಯನ್ನು ಬಿಟ್ಟು ಬೇರೆಯವರನ್ನು ಹಿಡಿದರು. 31ನೇ ತಾರೀಕು ರಾತ್ರಿ ಹಳೆಯ ಆ್ಯಪಿನಲ್ಲಿ ನನ್ನ ಬ್ಯಾಲೆನ್ಸು 1,386 ರೂಪಾಯಿ. ಸ್ಕ್ರೀನ್‌ಶಾಟ್ ತೆಗೆದಿಟ್ಟೆ. "ಹದಿನೈದು ದಿನದಲ್ಲಿ ಬರುತ್ತದೆ" ಎಂದರು. ಬಂದದ್ದು ಜುಲೈಯಲ್ಲಿ, ಅದೂ ದುಡ್ಡಲ್ಲ, ಬಿಲ್ಲು! ಹನ್ನೊಂದು ತಿಂಗಳ "ಜನರೇಟರ್ ಯೂನಿಟ್ ವ್ಯತ್ಯಾಸ" 2,914 ರೂಪಾಯಿ, ನಿಮ್ಮ ಬ್ಯಾಲೆನ್ಸು ಕಳೆದು ಬಾಕಿ 1,528, ಏಳು ದಿನದೊಳಗೆ ಕಟ್ಟಿ.

ಮುಂಗಡ ಕೊಟ್ಟವನು ಸಾಲಗಾರ ಆಗುವುದು ಹೇಗೆ ಸ್ವಾಮಿ? ದಿನದಿನವೂ ದುಡ್ಡು ಕಳೆದದ್ದು ನಿಮ್ಮದೇ ಸಾಫ್ಟ್‌ವೇರು. ಹನ್ನೊಂದು ತಿಂಗಳು ಅದು ತಪ್ಪು ಲೆಕ್ಕ ಮಾಡಿದ್ದರೆ ಮುನ್ನೂರಕ್ಕೂ ಹೆಚ್ಚು ಸಲ ತಪ್ಪಿರಬೇಕು. ನಾನು ಕೇಳಿದ್ದು ಬಹಳ ಸರಳ. ಎರಡು ರಿಜಿಸ್ಟರಿನ ಮೊದಲ ರೀಡಿಂಗು, ಕೊನೆಯ ರೀಡಿಂಗು, ತಿಂಗಳುವಾರು ರೇಟು. ಇದು ಎರಡು ಟೇಬಲ್ಲಿನ ಒಂದು ಕ್ವೆರಿ, ಕಾಲೇಜಿನ ಲ್ಯಾಬಿನಲ್ಲಿ ಮಾಡಿಸುವಂಥದ್ದು. ಅವರು ಕಳಿಸಿದ್ದು ಒಂದು ಎಕ್ಸೆಲ್ಲಿನ ಚಿತ್ರ, ಅದರಲ್ಲಿ ಮೊತ್ತ ಮಾತ್ರ. ವಿದ್ಯುತ್ ಕಂಪನಿಗೆ ದೂರು ಕೊಡೋಣವೆಂದರೆ ಅವರ ಪುಸ್ತಕದಲ್ಲಿ ಗ್ರಾಹಕ ನಾನಲ್ಲ, ಅಸೋಸಿಯೇಷನ್ನು. ಅಸೋಸಿಯೇಷನ್ನಿಗೆ ಹಳೆಯ ಕಂಪನಿಯ ಜೊತೆ ಜಗಳ ಮುಗಿದರೆ ಸಾಕಾಗಿತ್ತು. ಅದೇ ತಿಂಗಳು ನಾನು ಮನೆ ಖಾಲಿ ಮಾಡುವವನಿದ್ದೆ. ಬಾಕಿ ಚುಕ್ತಾ ಆಗದೆ ಸಾಮಾನಿನ ಲಾರಿ ಗೇಟು ದಾಟುವಂತಿಲ್ಲ ಎಂದರು. ಲಾರಿ ನಿಂತಿದೆ, ಮಳೆ ಬರುತ್ತಿದೆ, ಲೋಡಿಂಗಿನವರು ಗಂಟೆಗೆ ಲೆಕ್ಕ ಹಾಕುತ್ತಿದ್ದಾರೆ. ಈ ಬಿಲ್ಲನ್ನು ಒಪ್ಪುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಟ್ಟು ದುಡ್ಡು ಕಟ್ಟಿದೆ. ಆಮೇಲೆ ಬರೆದ ಮೂರು ಈಮೇಲಿಗೂ ಬಂದ ಉತ್ತರ ಒಂದೇ: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.

ಕೊನೆಯ ಬಿಲ್ಲಿನ ಶಕ್ತಿ ಇರುವುದೇ ಇಲ್ಲಿ. ಮೊತ್ತ ಯಾವಾಗಲೂ ಸಣ್ಣದು, ಸಮಯ ಯಾವಾಗಲೂ ಅವಸರದ್ದು. ಜಗಳ ಮಾಡುವ ಖರ್ಚು ಬಿಲ್ಲಿಗಿಂತ ಹೆಚ್ಚು. ಬಿಲ್ಲು ಬರೆಯುವವನಿಗೆ ಇದು ಚೆನ್ನಾಗಿ ಗೊತ್ತು.

ಇನ್ನು ಕಾನೂನು ಏನು ಹೇಳುತ್ತದೆ ನೋಡೋಣ. (ನಾನು ವಕೀಲ ಅಲ್ಲ. ಆದರೆ 2003ರ ವಿದ್ಯುತ್ ಕಾಯ್ದೆ ನಮ್ಮ ಎಪಿಐ ಡಾಕ್ಯುಮೆಂಟೇಷನ್ನಿಗಿಂತ ಎಷ್ಟೋ ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ, ನಿಜಕ್ಕೂ.) 47ನೇ ಸೆಕ್ಷನ್ನಿನಲ್ಲಿ ಎರಡು ಮುತ್ತಿನಂಥ ಮಾತು ಇವೆ. ಠೇವಣಿ ಇಟ್ಟುಕೊಂಡರೆ ಕಂಪನಿ ಅದಕ್ಕೆ ಬಡ್ಡಿ ಕೊಡಬೇಕು. ಗ್ರಾಹಕ ಪ್ರೀಪೇಯ್ಡ್ ಮೀಟರಿಗೆ ಒಪ್ಪಿದರೆ ಠೇವಣಿಯನ್ನೇ ಕೇಳುವಂತಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇರುತ್ತದೆ. ಅಂದರೆ ನಾಳೆ ಮೂಡುಬಿದಿರೆಯ ಒಂದು ಮನೆಗೆ ಪ್ರೀಪೇಯ್ಡ್ ಮೀಟರ್ ಹಾಕಿದರೆ ಅದೇ ದಿನ ಆ ಠೇವಣಿ ಮನೆಯವರ ಖಾತೆಗೆ ಬರಬೇಕು. ಬರುತ್ತದಾ? ಪ್ರೀಪೇಯ್ಡಿನ ಬಗ್ಗೆ ಪುಟಗಟ್ಟಲೆ ಬರೆಯುವ ಗೆಳೆಯರು ಈ ಒಂದು ಪ್ರಶ್ನೆಯನ್ನು ಯಾಕೆ ಕೇಳುವುದಿಲ್ಲ?

ಆಮೇಲೆ 56ನೇ ಸೆಕ್ಷನ್ನು. ಬಾಕಿ ಮೊದಲು ಸಲ್ಲಬೇಕಾದ ದಿನದಿಂದ ಎರಡು ವರ್ಷ ದಾಟಿದರೆ, ಬಿಲ್ಲಿನಲ್ಲಿ ಸತತವಾಗಿ ಬಾಕಿ ಎಂದು ತೋರಿಸುತ್ತಾ ಬಂದಿರದಿದ್ದರೆ, ವಸೂಲಿ ಮಾಡುವಂತಿಲ್ಲ. ಓದಿದರೆ ಭಾರೀ ಸಮಾಧಾನ ಆಗುತ್ತದೆ. ಆದರೆ "ಮೊದಲು ಸಲ್ಲಬೇಕಾದ ದಿನ" ಅಂದರೆ ಯಾವುದು? ಕರೆಂಟು ಉರಿಸಿದ ದಿನವೋ, ಬಿಲ್ಲು ಕೊಟ್ಟ ದಿನವೋ? ರಾಜಸ್ಥಾನದ ಅಜ್ಮೇರ್ ವಿದ್ಯುತ್ ನಿಗಮದ ಕೇಸೊಂದರಲ್ಲಿ 2009ರಿಂದ 2011ರವರೆಗೆ ತಪ್ಪು ದರದ ಕೋಡ್ ಹಾಕಿ ಬಿಲ್ಲು ಮಾಡಿದ್ದು ಆಡಿಟ್ಟಿನಲ್ಲಿ ಸಿಕ್ಕಿತು, 2014ರಲ್ಲಿ ವ್ಯತ್ಯಾಸದ ದುಡ್ಡು ಕೇಳಿದರು. ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಹೇಳಿದ್ದು: ಗಡುವು ಶುರುವಾಗುವುದು ಬಿಲ್ಲು ಕೊಟ್ಟ ದಿನದಿಂದ. ಎರಡು ವರ್ಷ ಕಳೆದ ಮೇಲೂ ತಪ್ಪು ಗೊತ್ತಾದರೆ ಹೆಚ್ಚುವರಿ ಬಿಲ್ಲು ಕೇಳಬಹುದು, ಅದಕ್ಕಾಗಿ ಫ್ಯೂಸು ಮಾತ್ರ ಕೀಳುವಂತಿಲ್ಲ. ಕೋರ್ಟಿನ ತರ್ಕ ಅರ್ಥವಾಗುತ್ತದೆ, ಬಿಲ್ಲೇ ಇಲ್ಲದೆ ಬಾಕಿ ಎಲ್ಲಿಂದ ಬರಬೇಕು. ಆದರೆ ಮನೆ ಬಿಟ್ಟು ಹೋದವನಿಗೆ ಇದರಿಂದ ಸಿಗುವ ರಕ್ಷಣೆ ಎಷ್ಟು? ಅವನಿಗೆ ಫ್ಯೂಸೇ ಇಲ್ಲವಲ್ಲ ಕೀಳದಿರಲಿಕ್ಕೆ!

ಇದನ್ನು ಬ್ರಿಟನ್ನಿನ ಜೊತೆ ಇಟ್ಟು ನೋಡಿ. ಅಲ್ಲಿ ಮನೆಯವರು ಕರೆಂಟು ಕಂಪನಿ ಬದಲಿಸುವುದು ಎಂದಿನ ವಿಷಯ. ನಮ್ಮ ಕಾಂಪಿಟಿಷನ್ ಭಕ್ತರ ಕಾಶಿ ಅದು. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್ಜೆಮ್ ಪ್ರಕಾರ ಗಿರಾಕಿ ಬಿಟ್ಟು ಹೋದ ಆರು ವಾರದೊಳಗೆ ಕೊನೆಯ ಬಿಲ್ಲು ಕೊಡಬೇಕು, ಆಮೇಲೆ ಹತ್ತು ಕೆಲಸದ ದಿನದೊಳಗೆ ಉಳಿದ ದುಡ್ಡು ವಾಪಸು ಮಾಡಬೇಕು. ತಪ್ಪಿದರೆ ಗಿರಾಕಿಗೆ ಪರಿಹಾರ ಕೊಡಬೇಕು, 2020ರಲ್ಲಿ ಇದು ಬಂದಾಗ 30 ಪೌಂಡು ಇತ್ತು. ಕಂಪನಿಯದೇ ತಪ್ಪಿನಿಂದ ಬಿಲ್ಲಾಗದೆ ಉಳಿದದ್ದನ್ನು ಒಂದು ವರ್ಷಕ್ಕಿಂತ ಹಿಂದಕ್ಕೆ ಹೋಗಿ ಕೇಳುವಂತಿಲ್ಲ. 2021ರಲ್ಲಿ ಗ್ಯಾಸಿನ ಬೆಲೆ ಏರಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಮುಳುಗಿದವು. ಆಗಲೂ ಮನೆಯವರ ಮುಂಗಡ ದುಡ್ಡು ಮುಳುಗಲಿಲ್ಲ, ಹೊಸ ಕಂಪನಿಯ ಖಾತೆಗೆ ಬಂತು. ಅದರ ಖರ್ಚು ಕೊನೆಗೆ ಎಲ್ಲರ ಬಿಲ್ಲಿನ ಮೇಲೂ ಬಿತ್ತು ಅನ್ನುವುದು ಬೇರೆ ಮಾತು. ಅಲ್ಲಿ ಎಲ್ಲ ಸರಿ ಉಂಟು ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಅಂಗಡಿ ಬೇಕು, ಅಲ್ಲಿನ ತಕ್ಕಡಿ ಬೇಡ ಅನ್ನುವ ನಮ್ಮವರ ವಾದಕ್ಕೆ ನನ್ನ ಸಿಟ್ಟು.

ನಮ್ಮಲ್ಲಿ ತಕ್ಕಡಿ ಇಲ್ಲವೇ ಇಲ್ಲ ಅಂತಲೂ ಅಲ್ಲ. ನಾನು ಮೇಲೆ ಹೇಳಿದ 2020ರ ನಿಯಮದಲ್ಲೇ ಇದೆ: ಮನೆ ಖಾಲಿ ಮಾಡುವಾಗ ವಿಶೇಷ ರೀಡಿಂಗಿಗೆ ಅರ್ಜಿ ಕೊಡಬೇಕು, ಕಂಪನಿ ಹಳೆಯ ಬಾಕಿಯನ್ನೆಲ್ಲ ಸೇರಿಸಿ ಕೊನೆಯ ಬಿಲ್ಲು ಕೊಡಬೇಕು, ಒಮ್ಮೆ ಕೊಟ್ಟ ಮೇಲೆ ಅದಕ್ಕಿಂತ ಹಿಂದಿನ ಅವಧಿಗೆ ಬೇರೇನನ್ನೂ ಕೇಳುವ ಹಕ್ಕು ಅದಕ್ಕೆ ಇಲ್ಲ. ಕೊನೆಯದು ಅಂದರೆ ಕೊನೆಯದು. ಎಷ್ಟು ಚಂದದ ನಿಯಮ! ಆದರೆ ಇದು ಬರೆದದ್ದು ಮನೆ ಬದಲಿಸುವವನಿಗೆ, ಕಂಪನಿ ಬದಲಿಸುವವನಿಗೆ ಅಲ್ಲ. ನನ್ನಂಥ ಫ್ಲ್ಯಾಟಿನ ಒಳಮೀಟರಿನವನಿಗಂತೂ ಅಲ್ಲವೇ ಅಲ್ಲ. ಇದೇ ಮಾತನ್ನು ಕಂಪನಿ ಬದಲಿಸುವವನಿಗೂ, ಪ್ರೀಪೇಯ್ಡಿನವನಿಗೂ ಬರೆಯಿರಿ, ದಿನದ ಗಡುವು ಹಾಕಿ, ಗಡುವು ತಪ್ಪಿದರೆ ಗಿರಾಕಿ ಅರ್ಜಿ ಹಾಕದೆಯೇ ದಂಡ ಅವನ ಖಾತೆಗೆ ಬೀಳಲಿ, ಬಿಲ್ಲನ್ನು ಒಪ್ಪದವನಿಗೆ ರೀಡಿಂಗ್ ತೋರಿಸುವ ಹೊಣೆ ಬಿಲ್ಲು ಬರೆದವನದ್ದಾಗಲಿ. ಆಮೇಲೆ ಪೋರ್ಟಿಂಗ್ ತನ್ನಿ, ನಾನೇ ಮೊದಲು ಹೋಗುತ್ತೇನೆ.

ರೀಡಿಂಗ್ ಎಂದಾಗ ಒಂದು ಎಂಜಿನಿಯರಿಂಗ್ ಅನುಮಾನ. ಬೆಳ್ತಂಗಡಿಯ ಘಟ್ಟದ ಬುಡದ ಊರುಗಳಲ್ಲಿ, ದಿಡುಪೆ, ಕಿಲ್ಲೂರಿನ ಕಡೆ, ಮಳೆಗಾಲದಲ್ಲಿ ಫೋನಿನ ಸಿಗ್ನಲ್ಲೇ ಕಣ್ಣುಮುಚ್ಚಾಲೆ ಆಡುತ್ತದೆ. ಸ್ಮಾರ್ಟ್ ಮೀಟರು ಸರ್ವರಿಗೆ ಮಾತಾಡುವುದೂ ಅಂಥದೇ ನೆಟ್‌ವರ್ಕಿನ ಮೇಲೆ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಮೀಟರೇ ಸುಟ್ಟರೆ ಈಗ ಸರಾಸರಿ ಬಿಲ್ಲು ಮಾಡುತ್ತಾರೆ. ಕಂಪನಿ ಬದಲಿಸಿದ ದಿನವೇ ಹೀಗಾದರೆ ಯಾರ ಸರಾಸರಿ, ಯಾವ ಕಂಪನಿಯ ಲೆಕ್ಕ? ನಗರದ ಫ್ಲ್ಯಾಟಿನಲ್ಲಿ ಕೂತು ಡಿಸೈನ್ ಮಾಡುವವರಿಗೆ ಇದು ಎಡ್ಜ್ ಕೇಸು. ಇಲ್ಲಿಯವರಿಗೆ ಅದು ಪ್ರತಿ ವರ್ಷದ ವೈಶಾಖ.

"ದೂರು ಕೊಡಲು ವೇದಿಕೆ ಇದೆಯಲ್ಲ" ಎನ್ನುತ್ತಾರೆ. ಇದೆ. 42ನೇ ಸೆಕ್ಷನ್ನಿನಡಿ ಗ್ರಾಹಕರ ಕುಂದುಕೊರತೆ ವೇದಿಕೆ, ಅದನ್ನು ರಚಿಸುವುದು ಸರಬರಾಜು ಕಂಪನಿಯೇ. ಅಲ್ಲಿ ಆಗದಿದ್ದರೆ ಒಂಬುಡ್ಸ್‌ಮನ್ ಬೆಂಗಳೂರಿನಲ್ಲಿ. ಸಾವಿರದೈನೂರು ರೂಪಾಯಿಯ ಬಿಲ್ಲಿಗೆ ಚಾರ್ಮಾಡಿ ಘಾಟಿ ಹತ್ತಿ ಹೋಗುವವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಇನ್ನೊಂದು ಕಡೆಯವರಿಗೂ ಒಂದು ಮಾತು. "ಮೆಸ್ಕಾಂ ನಮ್ಮದು, ಪೋರ್ಟಿಂಗೇ ಬೇಡ, ಹಾಗಾಗಿ ಈ ತಲೆಬಿಸಿಯೂ ಬೇಡ" ಎನ್ನುವವರು ನಮ್ಮ ಮನೆಗಳ ಆರ್‌ಆರ್ ನಂಬರು ಯಾರ ಹೆಸರಿನಲ್ಲಿದೆ ನೋಡಿ. ಬಂಟ್ವಾಳದ ನಮ್ಮ ನೆಂಟರ ಅರ್ಧ ಮನೆಗಳಲ್ಲಿ ಅದು ತೀರಿಹೋದ ಅಜ್ಜನ ಹೆಸರಿನಲ್ಲೇ ಉಂಟು. ಮಕ್ಕಳು ಬೆಂಗಳೂರು, ಮುಂಬೈ, ದುಬೈ. ಪಾಲಾಗುತ್ತದೆ, ಮನೆ ಮಾರುತ್ತಾರೆ, ಠೇವಣಿಯ ನೆನಪು ಯಾರಿಗೂ ಇರುವುದಿಲ್ಲ, ಬಾಕಿಯ ನೆನಪು ಕಂಪನಿಗೆ ಇರುತ್ತದೆ. 2023ರ ಮೇ ತಿಂಗಳಲ್ಲಿ ಕೇರಳ ವಿದ್ಯುತ್ ಮಂಡಳಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿದೆ. ನಿಯಮದಲ್ಲಿ ಹಾಗೆ ಬರೆದಿದ್ದರೆ, ಹಳೆಯ ಮಾಲೀಕನ ಬಾಕಿ ತೀರಿಸಿದ ಮೇಲೆಯೇ ಹೊಸ ಮಾಲೀಕನಿಗೆ ಸಂಪರ್ಕ ಎಂದು ಕಂಪನಿ ಷರತ್ತು ಹಾಕಬಹುದು. ಅಂದರೆ ಬಿಟ್ಟು ಹೋದವನ ಕೊನೆಯ ಬಿಲ್ಲು ಸರಿಯಾಗದಿದ್ದರೆ ಅದು ಬಂದವನ ಮೊದಲ ಬಿಲ್ಲಾಗುತ್ತದೆ. ಒಂದೇ ಕಂಪನಿ ಇರುವ ಊರಿನಲ್ಲೂ.

ಹಾಗಾಗಿ ಕಾನೂನು ಬರುವವರೆಗೆ ಕಾಯುವುದು ಬೇಡ. ಮನೆ ಬಿಡುವವರು, ಮಾರುವವರು, ಕೊಳ್ಳುವವರು ವಿಶೇಷ ರೀಡಿಂಗ್ ಬೇಕು, ಕೊನೆಯ ಬಿಲ್ಲು ಬೇಕು, ಬಾಕಿ ಇಲ್ಲ ಎಂಬ ಪತ್ರ ಬೇಕು, ಠೇವಣಿ ಮತ್ತು ಅದರ ಬಡ್ಡಿಯ ಲೆಕ್ಕ ಬೇಕು ಎಂದು ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ. ಆ ದಿನದ ಮೀಟರಿನ ಫೋಟೋ, ನಂಬರ್ ಕಾಣುವ ಹಾಗೆ, ತೆಗೆದಿಡಿ. ಅರ್ಜಿಯ ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಇರುವವರು ಊಟಕ್ಕೆ ಹೋಗಿದ್ದಾರೆ ಎಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ, ಬರುತ್ತಾರೆ.